ಮೂರು ವರ್ಷ ಕಳೆಯಿತು, ಉಳಿದದ್ದು ಎರಡೇ ವರ್ಷವೇ? ಮೆಲನೋಮಾದ ಶೇಕಡಾ ಲೆಕ್ಕ ಓದುವ ಬಗೆ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ತಂದೆಗೆ ಈಗ 61 ವರ್ಷ, ಅಡಿಕೆ ಕೃಷಿಕರು. ಎಡಗಾಲಿನ ಹಿಮ್ಮಡಿಯಲ್ಲಿ ಆಣಿ ಎಂದುಕೊಂಡಿದ್ದ ಕಪ್ಪು ಕಲೆ ಒಡೆದು ನೀರು ಬರತೊಡಗಿದಾಗ ಮಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದೆವು. ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಎಂದು ಬಂತು. ಆಪರೇಷನ್ ಮಾಡಿ, ತೊಡೆಯ ಚರ್ಮ ತೆಗೆದು ಹಿಮ್ಮಡಿಗೆ ಕೂರಿಸಿದರು. ರಿಪೋರ್ಟಿನಲ್ಲಿ ಆಕ್ರಲ್ ಲೆಂಟಿಜಿನಸ್ ಮೆಲನೋಮಾ, ಬ್ರೆಸ್ಲೋ (ಗಡ್ಡೆಯ ಆಳ) 3.2 ಮಿ.ಮೀ., ಅಲ್ಸರೇಶನ್ (ಮೇಲ್ಮೈ ಒಡೆದಿರುವುದು) ಇದೆ, ಸೆಂಟಿನೆಲ್ ನೋಡ್ (ರೋಗ ಹರಡಿದರೆ ಮೊದಲು ತಲುಪುವ ದುಗ್ಧಗ್ರಂಥಿ) ನೆಗೆಟಿವ್, ಸ್ಟೇಜ್ 2ಬಿ ಎಂದಿದೆ. ಐದು ವರ್ಷದ ಸರ್ವೈವಲ್ ಶೇ. 87 ಎಂದು ಡಾಕ್ಟರು ಆಗ ಹೇಳಿದ್ದರು. ಈಗ ಮೂರು ವರ್ಷ ಆಯಿತು, ರೋಗ ಮರಳಿಲ್ಲ. ಮನೆಯವರ ಲೆಕ್ಕದಲ್ಲಿ ಇನ್ನು ಉಳಿದದ್ದು ಎರಡು ವರ್ಷ. ಇದು ಸರಿಯೇ? ಐದು ವರ್ಷ ದಾಟಿದರೆ ಗುಣವಾಯಿತು ಎನ್ನಬಹುದೇ? ಆರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡಿಸಿ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಮಾಡಿಸಬೇಕೇ?

ಉತ್ತರ: ಮನೆಯವರ ಲೆಕ್ಕ ತಪ್ಪು. ತಪ್ಪಿರುವುದು ಒಳ್ಳೆಯ ದಿಕ್ಕಿಗೆ. ‘ಐದು ವರ್ಷದ ಸರ್ವೈವಲ್ ಶೇ. 87’ ಎಂದರೆ ರೋಗಿಗೆ ಐದು ವರ್ಷ ಆಯುಸ್ಸು ಎಂದಲ್ಲ. ಇದೇ ಹಂತದಲ್ಲಿದ್ದ ನೂರು ಜನರಲ್ಲಿ ಐದು ವರ್ಷದ ಕೊನೆಗೆ 87 ಮಂದಿ ಮೆಲನೋಮಾಕ್ಕೆ ಬಲಿಯಾಗದೆ ಇದ್ದರು ಎಂದಷ್ಟೇ ಅದರ ಅರ್ಥ. ಐದು ಎಂಬುದು ಎಣಿಕೆ ಮಾಡಿದವರು ಪುಸ್ತಕ ಮುಚ್ಚಿದ ದಿನ. ಆ ದಿನ ರೋಗಿಗೆ ಏನೂ ಆಗುವುದಿಲ್ಲ. ಎಣಿಕೆಯನ್ನು ಹತ್ತು ವರ್ಷಕ್ಕೆ ಮುಂದುವರಿಸಿದಾಗ ಅದೇ ನೂರರಲ್ಲಿ 82 ಮಂದಿ ಉಳಿದಿದ್ದರು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಿತು. ಮೊದಲ ಐದು ವರ್ಷಗಳಲ್ಲಿ ನೂರರಲ್ಲಿ 13 ಮಂದಿ ಹೋದರು. ಮುಂದಿನ ಐದು ವರ್ಷಗಳಲ್ಲಿ ಹೋದವರು 87ರಲ್ಲಿ 5 ಮಂದಿ, ಅಂದರೆ ಶೇ. 6ಕ್ಕಿಂತ ಸ್ವಲ್ಪ ಕಡಿಮೆ. ರೋಗ ಅದೇ, ಹಂತ ಅದೇ. ಆದರೆ ಐದನೇ ವರ್ಷದಲ್ಲಿ ನಿಂತವರ ಮುಂದಿನ ಅಪಾಯ ಮೊದಲ ದಿನದ ಅಪಾಯದ ಅರ್ಧಕ್ಕೂ ಕಡಿಮೆ. ಹೀಗೆ, ಇಷ್ಟು ಕಾಲ ದಾಟಿದವರಿಗೆ ಇನ್ನು ಮುಂದೆ ಎಷ್ಟು ಎಂದು ಹೊಸದಾಗಿ ಹಾಕುವ ಲೆಕ್ಕಕ್ಕೆ ಕಂಡೀಷನಲ್ ಸರ್ವೈವಲ್ ಎಂದು ಹೆಸರು. ಮಾಡುವುದು ಸುಲಭ: ಮುಂದೆ ಮುಟ್ಟಬೇಕಾದ ವರ್ಷದ ಅಂಕಿಯನ್ನು ಈಗ ದಾಟಿರುವ ವರ್ಷದ ಅಂಕಿಯಿಂದ ಭಾಗಿಸಬೇಕು. 82 ಭಾಗಿಸು 87, ಅಂದರೆ ಶೇ. 94.

ನಿಮ್ಮ ತಂದೆಯವರು ಇರುವುದು ಮೂರನೇ ವರ್ಷದಲ್ಲಿ. ನನ್ನ ಕೈಯಲ್ಲಿರುವುದು ಐದರ ಮತ್ತು ಹತ್ತರ ಅಂಕಿ ಮಾತ್ರವಾದರೂ ಒಂದು ಹದ್ದು ಹಾಕಬಹುದು. ಮೂರನೇ ವರ್ಷದ ಕೊನೆಗೆ ನೂರರಲ್ಲಿ ಉಳಿದಿದ್ದವರು 100ಕ್ಕಿಂತ ಕಡಿಮೆ, 87ಕ್ಕಿಂತ ಹೆಚ್ಚು ಇರಲೇಬೇಕು. ಉದಾಹರಣೆಗೆ 92 ಎಂದು ಹಿಡಿಯೋಣ. ಆ 92ರಲ್ಲಿ 87 ಮಂದಿ ಐದನೇ ವರ್ಷ ಮುಟ್ಟುತ್ತಾರೆ, ಸುಮಾರು ಶೇ. 95. ಹತ್ತನೇ ವರ್ಷ ಮುಟ್ಟುವವರು 82 ಮಂದಿ, ಅದು ಶೇ. 89. ಇಲ್ಲಿ 92 ಎಂಬುದು ಊಹೆ. ಅದರ ಬದಲು 90 ಅಥವಾ 95 ಹಾಕಿ ನೋಡಿ, ಉತ್ತರ ಎರಡು-ಮೂರು ಅಂಕಿ ಅತ್ತಿತ್ತ ಆದೀತು, ದಿಕ್ಕು ಬದಲಾಗುವುದಿಲ್ಲ. ಎರಡು ವರ್ಷ ಉಳಿದಿದೆ ಎಂಬುದಕ್ಕೂ ಇದಕ್ಕೂ ಎಷ್ಟು ದೂರ!

ತೋಟ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೂರು ಅಡಿಕೆ ಸಸಿ ನೆಟ್ಟರೆ ಸಾಯುವಂಥವು ಹೆಚ್ಚಾಗಿ ಮೊದಲ ಒಂದೆರಡು ಬೇಸಿಗೆಯಲ್ಲೇ ಸಾಯುತ್ತವೆ. ಮೂರು ಬೇಸಿಗೆ ದಾಟಿದ ಸಸಿಯನ್ನು ನೆಟ್ಟ ದಿನದ ಸಸಿಯಂತೆ ಯಾರೂ ಲೆಕ್ಕ ಹಾಕುವುದಿಲ್ಲ. ಹೋಲಿಕೆ ಒಂದು ಕಡೆ ಮಾತ್ರ ಕೂಡಿಬರುವುದಿಲ್ಲ. ಸಸಿ ವರ್ಷ ಕಳೆದಂತೆ ಬೇರು ಬಿಟ್ಟು ಬಲವಾಗುತ್ತದೆ. ಮೆಲನೋಮಾದಲ್ಲಿ ಕಾಲವು ಯಾರನ್ನೂ ಬಲಪಡಿಸುವುದಿಲ್ಲ, ಬೇರ್ಪಡಿಸುತ್ತದೆ. ಆಪರೇಷನ್ನಿನ ದಿನ ನೂರು ಜನರ ಗುಂಪಿನಲ್ಲಿ ಎರಡು ಬಗೆಯವರಿದ್ದರು: ಗಡ್ಡೆ ತೆಗೆದ ಕೂಡಲೇ ರೋಗ ಪೂರ್ತಿ ಹೋದವರು, ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು ಅದಾಗಲೇ ರಕ್ತದಲ್ಲೋ ದುಗ್ಧನಾಳದಲ್ಲೋ ಹೊರಟುಹೋಗಿದ್ದವರು. ಆ ದಿನ ಯಾರು ಯಾವ ಬಗೆ ಎಂದು ಯಾವ ಸ್ಕ್ಯಾನಿಗೂ ತಿಳಿಯುವುದಿಲ್ಲ. ವೇಗವಾಗಿ ಬೆಳೆಯುವ ಕೋಶಗಳು ಮೊದಲ ಎರಡು-ಮೂರು ವರ್ಷಗಳಲ್ಲೇ ತಲೆಯೆತ್ತುತ್ತವೆ. ಆದ್ದರಿಂದ ಮೂರು ವರ್ಷ ರೋಗ ಮರಳದೆ ಉಳಿದವರಲ್ಲಿ ಮೊದಲ ಬಗೆಯವರ ಪಾಲು ಹೆಚ್ಚುತ್ತಾ ಬಂದಿರುತ್ತದೆ. ನಿಮ್ಮ ತಂದೆಯವರ ಶರೀರದಲ್ಲಿ ಈ ಮೂರು ವರ್ಷದಲ್ಲಿ ಏನೂ ಬದಲಾಗದೆ ಇದ್ದಿರಬಹುದು. ಬದಲಾದದ್ದು ಅವರ ಬಗ್ಗೆ ನಮಗಿರುವ ತಿಳಿವಳಿಕೆ.

ನಾನು ಬಳಸಿದ ಅಂಕಿಗಳು ಅಮೆರಿಕದ ಜಂಟಿ ಕ್ಯಾನ್ಸರ್ ಸಮಿತಿಯ ಎಂಟನೇ ಆವೃತ್ತಿಯ ಹಂತ ನಿರ್ಣಯ ಪದ್ಧತಿಯವು. 2018ರಿಂದ ರಿಪೋರ್ಟುಗಳಲ್ಲಿ ಬಳಕೆಯಲ್ಲಿರುವುದು ಇದೇ. 1998ರ ನಂತರ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳ ಹತ್ತು ಕೇಂದ್ರಗಳಲ್ಲಿ ದಾಖಲಾದ 46,000ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಇದರ ಹಿಂದಿದೆ. ಬೇರೆ ಹಂತದವರೂ ಇದನ್ನು ಓದುತ್ತಿರಬಹುದಾದ್ದರಿಂದ ಅವರ ಅಂಕಿಗಳನ್ನೂ ಹೇಳುತ್ತೇನೆ. ಮೊದಲನೆಯದು ಐದು ವರ್ಷದ್ದು, ಎರಡನೆಯದು ಹತ್ತು ವರ್ಷದ್ದು. 1ಎ: 99, 98. 1ಬಿ: 97, 94. 2ಎ: 94, 88. 2ಬಿ: 87, 82. 2ಸಿ: 82, 75. 3ಎ: 93, 88. 3ಬಿ: 83, 77. 3ಸಿ: 69, 60. 3ಡಿ: 32, 24.

ಇದರ ಎರಡು ತುದಿಗಳನ್ನು ಹಿಡಿದು ನೋಡಿ. 1ಎ ಹಂತದಲ್ಲಿ ಮೊದಲ ಐದು ವರ್ಷದಲ್ಲಿ ಹೋಗುವವರು ನೂರಕ್ಕೆ ಒಬ್ಬರು, ಮುಂದಿನ ಐದರಲ್ಲಿಯೂ ಹೆಚ್ಚುಕಡಿಮೆ ಒಬ್ಬರು. ಅಲ್ಲಿ ಕಾಲ ಕಳೆದದ್ದರಿಂದ ಸಿಗುವ ಲಾಭ ಏನೂ ಇಲ್ಲ, ಯಾಕೆಂದರೆ ಇಳಿಯುವಷ್ಟು ಅಪಾಯ ಮೊದಲೇ ಇರಲಿಲ್ಲ. 3ಡಿಯಲ್ಲಿ ಮೊದಲ ಐದು ವರ್ಷದಲ್ಲಿ ನೂರಕ್ಕೆ 68 ಮಂದಿ ಹೋಗುತ್ತಾರೆ. ಉಳಿದ 32ರಲ್ಲಿ 24 ಮಂದಿ ಹತ್ತನ್ನು ಮುಟ್ಟುತ್ತಾರೆ, ಅಂದರೆ ನೂರಕ್ಕೆ 75. ಮೊದಲ ದಿನ ನೂರಕ್ಕೆ 32 ಎಂದು ಕೇಳಿ ಕುಸಿದು ಕೂತಿದ್ದ ವ್ಯಕ್ತಿ ಐದು ವರ್ಷ ದಾಟಿದರೆ ಅವರ ಮುಂದಿನ ಐದು ವರ್ಷದ ಅಂಕಿ 75. ರೋಗ ಎಷ್ಟು ಮುಂದುವರಿದ ಹಂತದಲ್ಲಿ ಸಿಕ್ಕಿತ್ತೋ, ದಾಟಿದ ವರ್ಷಗಳು ಲೆಕ್ಕವನ್ನು ಅಷ್ಟು ಹೆಚ್ಚು ಬದಲಿಸುತ್ತವೆ. ಹಂತಗಳ ನಡುವಿನ ಅಂತರ ವರ್ಷ ಕಳೆದಂತೆ ಕಿರಿದಾಗುತ್ತದೆ. ಅಳಿಸಿಹೋಗುವುದಿಲ್ಲ, ಅದೂ ನಿಜ. 75 ಎಂಬುದು 99 ಅಲ್ಲ.

ಪಟ್ಟಿಯಲ್ಲಿ ಇನ್ನೊಂದು ವಿಚಿತ್ರವನ್ನು ಗಮನಿಸಿರಬಹುದು. 3ಎಯ ಅಂಕಿ ನಿಮ್ಮ ತಂದೆಯವರ 2ಬಿಗಿಂತ ಚೆನ್ನಾಗಿದೆ. ಮೂರನೇ ಸ್ಟೇಜ್ ಎಂದು ಕೇಳಿದ ಕೂಡಲೇ ಕೈಚೆಲ್ಲಿ ಕೂರುವ ಮನೆಗಳನ್ನು ಎಣಿಸಿ ಮುಗಿಯದು. ತೆಳುವಾದ ಗಡ್ಡೆಯಿಂದ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಕೋಶಗಳು ಒಂದರಿಂದ ಮೂರು ಗ್ರಂಥಿಗೆ ಹೋಗಿದ್ದರೆ ಅದು 3ಎ. ಗ್ರಂಥಿ ಸ್ವಚ್ಛವಾಗಿದ್ದರೂ ದಪ್ಪವಾದ, ಮೇಲ್ಮೈ ಒಡೆದ ಗಡ್ಡೆ 2ಬಿ ಅಥವಾ 2ಸಿ. ಮೆಲನೋಮಾದಲ್ಲಿ ಗಡ್ಡೆಯ ಆಳಕ್ಕೆ, ಅಲ್ಸರೇಶನ್ನಿಗೆ ಅಷ್ಟು ತೂಕ ಇದೆ. ಸ್ಟೇಜಿನ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಂಡರೆ ಸಾಲದು, ಪಕ್ಕದ ಅಕ್ಷರವೂ ಬೇಕು.

ಈ ಅಂಕಿಗಳನ್ನು ನಿಮ್ಮ ತಂದೆಯವರಿಗೆ ಹಾಗೆಯೇ ಅನ್ವಯಿಸಬಹುದೇ? ಒಂದು ವಿಷಯದಲ್ಲಿ ನಿಮ್ಮ ಪರವಾಗಿದೆ. ಪಟ್ಟಿಯ ಎರಡನೇ ಹಂತದವರೆಲ್ಲ ಬಹುಮಟ್ಟಿಗೆ ಸೆಂಟಿನೆಲ್ ನೋಡ್ ತೆಗೆದು ಪರೀಕ್ಷಿಸಿ ನೆಗೆಟಿವ್ ಎಂದು ಖಚಿತವಾದವರು. ನಿಮ್ಮ ತಂದೆಯವರಿಗೂ ಅದು ಆಗಿದೆ. ಆ ಪರೀಕ್ಷೆ ಮಾಡದೆ, ತೊಡೆಸಂದಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಅಥವಾ ಸ್ಕ್ಯಾನ್ ಮಾತ್ರ ನೋಡಿ 2ಬಿ ಎಂದು ಬರೆದಿದ್ದರೆ, ಗ್ರಂಥಿಯಲ್ಲಿ ಅಡಗಿದ ರೋಗವಿದ್ದವರೂ ಆ ಗುಂಪಿನಲ್ಲಿ ಸೇರಿರುತ್ತಾರೆ. ಆಗ 87 ಎಂಬ ಅಂಕಿಯನ್ನು ನಂಬಿಕೊಂಡು ಕೂರಬಾರದು.

ಇನ್ನೊಂದು ವಿಷಯ ಅಷ್ಟು ಅನುಕೂಲವಾಗಿಲ್ಲ. ಆ 46,000 ಜನರಲ್ಲಿ ಬಹುತೇಕರು ಬಿಳಿಯರು, ಅವರ ಗಡ್ಡೆಗಳು ಬೆನ್ನು, ಕಾಲು, ಮುಖದಂಥ ಬಿಸಿಲು ಬೀಳುವ ಚರ್ಮದವು. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುವ ಆಕ್ರಲ್ ಬಗೆ ಅವರಲ್ಲಿ ಅಪರೂಪ. ನಮ್ಮಲ್ಲಿ ಮೆಲನೋಮಾವೇ ಅಪರೂಪ, ಬಂದರೆ ಅದರಲ್ಲಿ ದೊಡ್ಡ ಪಾಲು ಈ ಬಗೆಯದು. ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ, ಆದ್ದರಿಂದ ತೋಟದ ಕೆಲಸವನ್ನು ದೂರುವುದು ಬೇಡ. ಆಕ್ರಲ್ ಮೆಲನೋಮಾದ ಕಾಲಗತಿಯೇ ಬೇರೆ. ಅಮೆರಿಕದಲ್ಲಿ 1986ರಿಂದ 2005ರ ನಡುವೆ ದಾಖಲಾದ ಆಕ್ರಲ್ ರೋಗಿಗಳಲ್ಲಿ ಐದು ವರ್ಷದ ಅಂಕಿ ಶೇ. 80.3, ಹತ್ತು ವರ್ಷದ್ದು 67.5. ಅದೇ ಕಾಲದಲ್ಲಿ ಚರ್ಮದ ಎಲ್ಲ ಮೆಲನೋಮಾಗಳನ್ನೂ ಸೇರಿಸಿ ನೋಡಿದರೆ ಐದಕ್ಕೆ 91.3, ಹತ್ತಕ್ಕೆ 87.5.

ಮೇಲಿನ ಭಾಗಾಕಾರವನ್ನು ಇಲ್ಲಿಯೂ ಮಾಡಿ. ಒಟ್ಟು ಮೆಲನೋಮಾದಲ್ಲಿ ಮೊದಲ ಐದು ವರ್ಷದ ನಷ್ಟ ನೂರಕ್ಕೆ ಸುಮಾರು 9, ದಾಟಿದವರಲ್ಲಿ ಮುಂದಿನ ಐದು ವರ್ಷದ ನಷ್ಟ ಸುಮಾರು 4. ಅರ್ಧಕ್ಕಿಳಿಯಿತು. ಆಕ್ರಲ್‌ನಲ್ಲಿ ಮೊದಲ ಐದಕ್ಕೆ ಸುಮಾರು 20, ಮುಂದಿನ ಐದಕ್ಕೆ 16. ಇಳಿಯುತ್ತದೆ, ಆದರೆ ನಿಧಾನವಾಗಿ. ಈ ಅಂಕಿಗಳಲ್ಲಿ ಎಲ್ಲ ಹಂತದವರೂ ಕಲೆತಿದ್ದಾರೆ, ಗ್ರಂಥಿಗೆ ಹರಡಿದ್ದವರೂ ಇದ್ದಾರೆ, ಇಂದಿನ ಔಷಧಿಗಳು ಆಗ ಇರಲಿಲ್ಲ. ಆದ್ದರಿಂದ 67.5 ಎಂಬುದನ್ನು ನಿಮ್ಮ ತಂದೆಯವರ ಹಣೆಗೆ ಅಂಟಿಸಬೇಡಿ. ಇದರಿಂದ ತೆಗೆದುಕೊಳ್ಳಬೇಕಾದದ್ದು ಇಳಿಜಾರಿನ ಆಕಾರವನ್ನು ಮಾತ್ರ. ಬೆನ್ನಿನ ಮೇಲಿನ ಮೆಲನೋಮಾದವರಿಗೆ ಐದು ವರ್ಷ ಎಂದರೆ ಬಹುಪಾಲು ಗಂಡಾಂತರ ದಾಟಿದಂತೆ. ಅಂಗಾಲಿನ ಮೆಲನೋಮಾದವರಿಗೆ ಅದು ಒಂದು ಒಳ್ಳೆಯ ನಿಲ್ದಾಣ ಅಷ್ಟೇ.

ನಿಮ್ಮ ಎರಡನೇ ಪ್ರಶ್ನೆಗೂ ಇದೇ ಉತ್ತರ. ಐದು ದಾಟಿದರೆ ಗುಣವಾಯಿತು ಎಂದು ಮೆಲನೋಮಾದಲ್ಲಿ ನಾನು ಹೇಳುವುದಿಲ್ಲ. ಹತ್ತು ವರ್ಷ ಏನೂ ಇಲ್ಲದೆ ಇದ್ದು ಆಮೇಲೆ ಮರಳಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ಸಂಖ್ಯೆ ಕಡಿಮೆ, ಆದರೆ ಸೊನ್ನೆಯಲ್ಲ. ಕೆಲವು ಕೋಶಗಳು ವರ್ಷಗಟ್ಟಲೆ ಬೆಳೆಯದೆ, ಸಾಯದೆ, ರೋಗನಿರೋಧಕ ಶಕ್ತಿಯ ಹಿಡಿತದಲ್ಲಿ ಸುಮ್ಮನೆ ಇರಬಲ್ಲವು. ಅಂಗಾಂಗ ದಾನದ ವಿಷಯದಲ್ಲಿ ಇದರಿಂದಾಗಿಯೇ ಬಲವಾದ ಎಚ್ಚರಿಕೆ ಇದೆ: ಹರಡಬಲ್ಲ ಮೆಲನೋಮಾ ಬಂದಿದ್ದವರ ಕಿಡ್ನಿಯನ್ನು ಎಷ್ಟೋ ವರ್ಷಗಳ ನಂತರ ಪಡೆದವರಲ್ಲಿ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳ ನಡುವೆ, ಅದೇ ಕ್ಯಾನ್ಸರ್ ಕಾಣಿಸಿಕೊಂಡದ್ದುಂಟು. ನಿಮ್ಮ ತಂದೆಯವರಿಗೆ ಮುಂದೆ ಸಂಧಿವಾತಕ್ಕೋ ಇನ್ನಾವುದಕ್ಕೋ ಅಂಥ ಔಷಧಿಯನ್ನು ದೀರ್ಘಕಾಲ ಕೊಡುವ ಸಂದರ್ಭ ಬಂದರೆ, ಹಿಂದೆ ಮೆಲನೋಮಾ ಆಗಿತ್ತು ಎಂದು ಆ ಡಾಕ್ಟರಿಗೆ ಮೊದಲೇ ಹೇಳಿ.

ಕಂಡೀಷನಲ್ ಸರ್ವೈವಲ್ ಅಂಕಿಯನ್ನು ಓದುವಾಗ ಹಲವರು ಎಡವುವ ಇನ್ನೊಂದು ಜಾಗ ಇದೆ. ಬದುಕಿದ್ದಾರೆ ಎಂಬುದೂ ರೋಗ ಮರಳದೆ ಬದುಕಿದ್ದಾರೆ ಎಂಬುದೂ ಒಂದೇ ಅಲ್ಲ. ಮೂರನೇ ವರ್ಷದಲ್ಲಿ ಬದುಕಿರುವ 92 ಮಂದಿಯಲ್ಲಿ ರೋಗ ಮರಳಿ ಚಿಕಿತ್ಸೆಯಲ್ಲಿರುವವರೂ ಸೇರಿದ್ದಾರೆ. ರೋಗ ಮರಳದವರನ್ನು ಮಾತ್ರ ಎಣಿಸಿದರೆ ಮುಂದಿನ ಅಂಕಿ ಇನ್ನಷ್ಟು ಚೆನ್ನಾಗಿರುತ್ತದೆ, ನಿಮ್ಮ ತಂದೆಯವರು ಆ ಗುಂಪಿನವರು. ರೋಗ ಮರಳಿದರೆ ಹಳೆಯ ಲೆಕ್ಕ ಮುಗಿಯಿತು. ಎಲ್ಲಿ, ಎಷ್ಟು ಮರಳಿದೆ ಎಂಬುದರ ಮೇಲೆ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ‘ಆರು ವರ್ಷ ಆಗಿತ್ತಲ್ಲ, ಆ ಲೆಕ್ಕದಲ್ಲಿ ಪರವಾಗಿಲ್ಲ’ ಎಂದು ಅಲ್ಲಿ ಹೇಳಲು ಬರುವುದಿಲ್ಲ.

ಹಾಗೆಯೇ, ಈ ಎಲ್ಲ ಪಟ್ಟಿಗಳು ಮೆಲನೋಮಾದಿಂದಾಗುವ ಸಾವನ್ನು ಮಾತ್ರ ಎಣಿಸುತ್ತವೆ. 61ರ ವಯಸ್ಸಿನಲ್ಲಿ ಬಿಪಿ, ಶುಗರ್, ಹೃದಯ ಇವೂ ಇವೆ. ವರ್ಷ ಕಳೆದಂತೆ ಮೆಲನೋಮಾದ ಅಪಾಯ ಇಳಿಯುತ್ತದೆ, ಇವುಗಳದ್ದು ಏರುತ್ತದೆ. ಒಂದು ಹಂತದಲ್ಲಿ ಎರಡನೆಯದೇ ಮುಂದೆ ಹೋಗುತ್ತದೆ. ಕ್ಯಾನ್ಸರ್ ಚೆಕಪ್ಪಿಗೆ ತಪ್ಪದೆ ಹೋಗುತ್ತಾ ಶುಗರ್ ನೋಡಿಸಿ ಎರಡು ವರ್ಷವಾಗಿರುವ ರೋಗಿಗಳು ಅಪರೂಪವಲ್ಲ.

ಹಳೆಯ ಅಂಕಿಗಳ ಬಗ್ಗೆ ಒಂದು ಮಾತು. ಹತ್ತು ವರ್ಷದ ಅಂಕಿ ಬೇಕಾದರೆ ಹತ್ತು ವರ್ಷ ಹಿಂದೆ ರೋಗ ಬಂದವರನ್ನೇ ಎಣಿಸಬೇಕು. ಆದ್ದರಿಂದ ಅದು ಯಾವಾಗಲೂ ಹಳೆಯ ಚಿಕಿತ್ಸೆಯ ಕಾಲದ್ದು. 2ಬಿ, 2ಸಿ ಹಂತದವರಿಗೆ ಆಪರೇಷನ್ ನಂತರ ಒಂದು ವರ್ಷ ಪೆಂಬ್ರೋಲಿಜುಮ್ಯಾಬ್ (ಕ್ಯಾನ್ಸರಿನ ವಿರುದ್ಧ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿ) ಕೊಡುವ ಕ್ರಮಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ. ರೋಗ ಮರಳುವುದನ್ನು ಅದು ತಗ್ಗಿಸುತ್ತದೆ. ‘ನಮಗೆ ಕೊಡಲಿಲ್ಲವಲ್ಲ, ಈಗ ಕೊಡಿಸೋಣವೇ’ ಎಂದು ಕೇಳುತ್ತೀರಿ. ಬೇಡ. ಅದನ್ನು ಆಪರೇಷನ್ ಆದ ಸುಮಾರು ಮೂರು ತಿಂಗಳೊಳಗೆ ಶುರುಮಾಡಬೇಕು. ಮೂರು ವರ್ಷ ರೋಗವಿಲ್ಲದೆ ಕಳೆದವರಿಗೆ ಕೊಟ್ಟರೆ ಲಾಭ ಇದೆಯೆಂದು ತೋರಿಸಿದ ಆಧಾರ ಇಲ್ಲ, ಥೈರಾಯ್ಡ್, ಕರುಳು, ಶ್ವಾಸಕೋಶದ ಮೇಲಿನ ಅಡ್ಡಪರಿಣಾಮವಂತೂ ಇದ್ದೇ ಇದೆ.

ನಾಲ್ಕನೇ ಹಂತ ನಿಮ್ಮ ಪ್ರಶ್ನೆಯಲ್ಲಿಲ್ಲ. ಆದರೆ ಕಾಲ ಕಳೆದಂತೆ ಲೆಕ್ಕ ಬದಲಾಗುವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. 2011ಕ್ಕೆ ಮೊದಲು ಶ್ವಾಸಕೋಶ, ಯಕೃತ್ತಿಗೆ ಹರಡಿದ ಮೆಲನೋಮಾದ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷದೊಳಗೆ ಹೋಗುತ್ತಿದ್ದರು. ಇದೇ ಬಗೆಯ ಔಷಧಿಗಳಾದ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎರಡನ್ನೂ ಕೂಡಿಸಿ ಕೊಟ್ಟ ದೊಡ್ಡ ಪ್ರಯೋಗದ ಹತ್ತು ವರ್ಷದ ಫಲಿತಾಂಶ 2024ರಲ್ಲಿ ಬಂತು. ಐದು ವರ್ಷಕ್ಕೆ ಬದುಕಿದ್ದವರು ಶೇ. 52, ಹತ್ತು ವರ್ಷಕ್ಕೆ ಶೇ. 43. ಮೊದಲ ಐದರಲ್ಲಿ ನೂರಕ್ಕೆ 48 ಮಂದಿ ಹೋದರು, ಮುಂದಿನ ಐದರಲ್ಲಿ ಬರೀ 9 ಮಂದಿ, ಅದೂ ಬೇರೆ ಕಾರಣಗಳ ಸಾವನ್ನೂ ಸೇರಿಸಿ. ಆ ಚಿಕಿತ್ಸೆ ಪಡೆದು ಮೂರು ವರ್ಷ ರೋಗ ಬೆಳೆಯದೆ ಉಳಿದವರನ್ನು ಮಾತ್ರ ತೆಗೆದುಕೊಂಡರೆ, ಹತ್ತನೇ ವರ್ಷದಲ್ಲಿ ಮೆಲನೋಮಾಕ್ಕೆ ಬಲಿಯಾಗದೆ ಉಳಿದವರು ಶೇ. 96. ಇಳಿಯುತ್ತಾ ಬಂದ ಗೆರೆ ಮೂರನೇ ವರ್ಷದ ನಂತರ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ಇದನ್ನು ಓದಿ ತೀರಾ ಹಿಗ್ಗುವ ಮೊದಲು ಎರಡು ಅಡ್ಡಿಗಳನ್ನು ನೆನಪಿಡಬೇಕು. ಆಕ್ರಲ್ ಬಗೆಯಲ್ಲಿ ಈ ಔಷಧಿಗಳಿಗೆ ಗಡ್ಡೆ ಕರಗುವ ಪ್ರಮಾಣ ಕಡಿಮೆ, ಮತ್ತು ಖರ್ಚು ಸಾಮಾನ್ಯ ಮನೆಯವರ ಕೈಗೆ ಎಟಕುವಂಥದ್ದಲ್ಲ. ಕಣ್ಣಿನೊಳಗಿನ ಮೆಲನೋಮಾ ಆ ಪ್ರಯೋಗದಲ್ಲಿ ಸೇರಿರಲೇ ಇಲ್ಲ. ಅದು ಎಷ್ಟೋ ವರ್ಷ ಬಿಟ್ಟು ಯಕೃತ್ತಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆ, ಇಲ್ಲಿನ ಯಾವ ಅಂಕಿಯೂ ಅದಕ್ಕೆ ಹೊಂದುವುದಿಲ್ಲ.

ಈಗ ಪೆಟ್ ಸ್ಕ್ಯಾನ್. 2ಬಿ ಹಂತಕ್ಕೆ ಸಾಮಾನ್ಯವಾಗಿ ಪಾಲಿಸುವ ಕ್ರಮ ಹೀಗಿದೆ: ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರು ಮೈಯ ಚರ್ಮ ಮತ್ತು ಗ್ರಂಥಿಗಳನ್ನು ಪರೀಕ್ಷಿಸಬೇಕು, ಮುಂದಿನ ಮೂರು ವರ್ಷ 3ರಿಂದ 12 ತಿಂಗಳಿಗೊಮ್ಮೆ, ಆಮೇಲೆ ಜೀವಮಾನವಿಡೀ ವರ್ಷಕ್ಕೊಮ್ಮೆ. ಮೊದಲ ವರ್ಷಗಳಲ್ಲಿ ಸಿಟಿ ಅಥವಾ ಪೆಟ್ ಮಾಡಿಸುವುದು ಡಾಕ್ಟರ ವಿವೇಚನೆಗೆ ಬಿಟ್ಟದ್ದು. ಮೂರರಿಂದ ಐದು ವರ್ಷ ಕಳೆದ ಮೇಲೆ, ಯಾವ ತೊಂದರೆಯೂ ಇಲ್ಲದವರಿಗೆ ರೂಢಿಗಾಗಿ ಸ್ಕ್ಯಾನ್ ಮಾಡುವುದನ್ನು ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಭೇಟಿಯ ಅಂತರ ದೊಡ್ಡದಾಗುತ್ತಾ ಹೋಗುವುದರ ಹಿಂದೆ ಇರುವುದೂ ಮೇಲೆ ಹೇಳಿದ ಲೆಕ್ಕವೇ. ಡಾಕ್ಟರು ‘ಇನ್ನು ಆರು ತಿಂಗಳು ಬಿಟ್ಟು ಬನ್ನಿ’ ಎಂದರೆ ಅದು ಅಸಡ್ಡೆಯಲ್ಲ. ನಿಮ್ಮ ತಂದೆಯವರಿಗೆ ಈಗ ಆರು ತಿಂಗಳ ಅಂತರ ಸರಿ. ಆಕ್ರಲ್ ಬಗೆಯಾದ್ದರಿಂದ ಐದನೇ ವರ್ಷದವರೆಗೂ ನಾನು ಇದನ್ನೇ ಇಟ್ಟುಕೊಳ್ಳುತ್ತಿದ್ದೆ, ವರ್ಷಕ್ಕೆ ಹಾರುತ್ತಿರಲಿಲ್ಲ.

ಪೆಟ್ ಬಗ್ಗೆ ನೆಂಟರಿಗೆ ಹೇಳಬೇಕಾದದ್ದು ಇನ್ನೊಂದಿದೆ. ಅದು ಕ್ಯಾನ್ಸರನ್ನು ತೋರಿಸುವ ಯಂತ್ರವಲ್ಲ, ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು ತೋರಿಸುವ ಯಂತ್ರ. ಮಳೆಗಾಲದಲ್ಲಿ ಬೆರಳ ಸಂದಿ ಕೊಳೆತು, ಮುಳ್ಳು ಚುಚ್ಚಿ ಕೀವಾಗಿ ಇರುವ ಕಾಲಿನವರ ತೊಡೆಸಂದಿಯ ಗ್ರಂಥಿ ಪೆಟ್‌ನಲ್ಲಿ ಚೆನ್ನಾಗಿಯೇ ಬೆಳಗುತ್ತದೆ. ಆಮೇಲೆ ಸೂಜಿ ಪರೀಕ್ಷೆ, ಹದಿನೈದು ದಿನ ಮನೆಯಲ್ಲಿ ಯಾರಿಗೂ ಊಟ ಸೇರದ ಸ್ಥಿತಿ, ಕೊನೆಗೆ ‘ಏನೂ ಇಲ್ಲ’. ಇನ್ನೊಂದು ಕಡೆ, ಮಿದುಳಿನಲ್ಲಿರುವ ಸಣ್ಣ ಗಡ್ಡೆಯನ್ನು ಪೆಟ್ ಬಿಟ್ಟುಬಿಡಬಹುದು, ಅದಕ್ಕೆ ಎಂಆರ್‌ಐ ಬೇಕು. ತೊಡೆಸಂದಿಗೆ ಹಣ ಖರ್ಚು ಮಾಡುವುದಾದರೆ ಅನುಭವಿ ರೇಡಿಯಾಲಜಿಸ್ಟ್ ಮಾಡುವ ಅಲ್ಟ್ರಾಸೌಂಡ್ ಸಾಕು. ಅಗ್ಗ, ವಿಕಿರಣ ಇಲ್ಲ, ಗ್ರಂಥಿಯ ಒಳರಚನೆ ಕಾಣುತ್ತದೆ.

ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದು ತಿಂಗಳಿಗೊಮ್ಮೆ ಮನೆಯಲ್ಲಿ ಕಾಲು ಗಂಟೆಯ ಪರೀಕ್ಷೆ. ರೋಗ ಮರಳುವುದನ್ನು ಎಷ್ಟೋ ಸಲ ಮೊದಲು ಕಂಡುಹಿಡಿಯುವುದು ರೋಗಿ ಅಥವಾ ಮನೆಯವರೇ. ತಿಂಗಳ ಒಂದು ದಿನ ಗೊತ್ತುಮಾಡಿಕೊಳ್ಳಿ. ಸ್ನಾನದ ನಂತರ, ಒಳ್ಳೆಯ ಬೆಳಕಿನಲ್ಲಿ, ಮಲಗಿಸಿ ನೋಡಬೇಕು. ಮೊದಲು ಹಿಮ್ಮಡಿಯ ಕಸಿ ಚರ್ಮದ ಅಂಚು ಪೂರ್ತಿ: ಹೊಸ ಕಪ್ಪು ಚುಕ್ಕೆ, ಕಪ್ಪು ಗೆರೆ, ಮಾಯದ ಹುಣ್ಣು. ಬಣ್ಣ ಕಪ್ಪೇ ಆಗಬೇಕೆಂದಿಲ್ಲ, ಕೆಂಪಗಿನ ಮಾಂಸದ ಕುರುವಿನಂತೆಯೂ ಬರಬಹುದು. ಆಮೇಲೆ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಹಿಮ್ಮಡಿಯಿಂದ ಮೀನಖಂಡ, ಮೊಣಕಾಲಿನ ಹಿಂಭಾಗ, ತೊಡೆಯ ಒಳಬದಿಯ ಮೂಲಕ ತೊಡೆಸಂದಿಯವರೆಗೆ ಸವರುತ್ತಾ ಹೋಗಿ. ಚರ್ಮದಲ್ಲೋ ಅದರ ಅಡಿಯಲ್ಲೋ ಹೆಸರುಕಾಳು, ಬಟಾಣಿ ಗಾತ್ರದ ಗಟ್ಟಿ ಗಂಟು ಸಿಗುತ್ತದೆಯೇ ನೋಡಬೇಕು. ಗಡ್ಡೆಯಿದ್ದ ಜಾಗಕ್ಕೂ ಗ್ರಂಥಿಗೂ ನಡುವಿನ ದಾರಿಯಲ್ಲಿ ಹೀಗೆ ಮರಳುವುದು ಮೆಲನೋಮಾದ ಸ್ವಭಾವ. ಕೊನೆಗೆ ಇನ್ನೊಂದು ಕಾಲಿನ ಅಂಗಾಲು, ಬೆರಳ ಸಂದಿಗಳು, ಇಪ್ಪತ್ತೂ ಉಗುರುಗಳು.

ತೊಡೆಸಂದಿಯ ವಿಷಯದಲ್ಲಿ ಹೆದರಿ ಓಡುವುದು ಬೇಡ. ಬರಿಗಾಲಲ್ಲಿ ತೋಟದಲ್ಲಿ ನಡೆದವರಿಗೆ ಎರಡೂ ಬದಿಯಲ್ಲಿ ಸಣ್ಣ ಮೆತ್ತಗಿನ ಗ್ರಂಥಿಗಳು ಮೊದಲಿಂದಲೂ ಕೈಗೆ ಸಿಗುತ್ತವೆ. ಎರಡೂ ಬದಿಯನ್ನು ಹೋಲಿಸಿ, ಗಾತ್ರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೊಸದಾಗಿ ಬಂದದ್ದು, ಕಲ್ಲಿನಂತೆ ಗಟ್ಟಿಯಿರುವುದು, ಒಂದೇ ಬದಿಯಲ್ಲಿರುವುದು, ಕಾಲಿನ ಹುಣ್ಣು ಮಾಗಿ ಮೂರು-ನಾಲ್ಕು ವಾರವಾದರೂ ಕುಗ್ಗದೆ ಬೆಳೆಯುವುದು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಿ. ಮೂರು ವಾರಕ್ಕೂ ಮೀರಿದ ಒಣಕೆಮ್ಮು, ಹೊಸದಾಗಿ ಶುರುವಾದ ತಲೆನೋವು ಅಥವಾ ಫಿಟ್ಸ್, ಕಾರಣವಿಲ್ಲದೆ ತೂಕ ಇಳಿಯುವುದು, ಒಂದೇ ಎಲುಬಿನಲ್ಲಿ ರಾತ್ರಿಯೂ ಬಿಡದ ನೋವು, ಇವಕ್ಕೂ ಹಾಗೆಯೇ. ಅಂಗಾಲಿನಲ್ಲಿ ಮತ್ತೆ ‘ಆಣಿ’ ಎದ್ದರೆ ಬ್ಲೇಡಿನಿಂದ ಕೆರೆಯುವುದು, ಆಣಿ ಪಟ್ಟಿ ಹಚ್ಚುವುದು ಖಂಡಿತ ಬೇಡ. ಮೇಲ್ಪದರ ಹೋದರೆ ಬಯಾಪ್ಸಿಯಲ್ಲಿ ದಪ್ಪದ ಅಳತೆಯೇ ಕೆಡುತ್ತದೆ. ಕಸಿ ಮಾಡಿದ ಹಿಮ್ಮಡಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ ತೋಟಕ್ಕೆ ಹೋಗುವಾಗ ಮೆತ್ತಗಿನ ಒಳಪದರದ, ಹಿಂಭಾಗ ಮುಚ್ಚಿದ ಚಪ್ಪಲಿ ಅಥವಾ ಬೂಟು ಇರಲಿ, ಸಂಜೆ ಒಮ್ಮೆ ಗಾಯ ನೋಡಿಕೊಳ್ಳಲಿ.

ದಾಖಲೆಗಳ ವಿಷಯ ಕಾಸರಗೋಡಿನವರಿಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಆಪರೇಷನ್ ಮಂಗಳೂರಿನಲ್ಲಿ, ಮುಂದೆ ಖರ್ಚಿನ ಕಾರಣಕ್ಕೆ ತಲಶ್ಶೇರಿ ಕೋಡಿಯೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಎಂದು ಆಗುವುದು ಸಾಮಾನ್ಯ. ಬರೀ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ಹೋದರೆ ಅಲ್ಲಿಯವರಿಗೆ ಏನೂ ತಿಳಿಯುವುದಿಲ್ಲ. ಪೂರ್ತಿ ಪೆಥಾಲಜಿ ರಿಪೋರ್ಟು, ಸ್ಲೈಡುಗಳು, ಗಡ್ಡೆಯ ತುಂಡನ್ನು ಕಾಪಿಟ್ಟ ಮೇಣದ ಬ್ಲಾಕು ಇವನ್ನು ಬರಹದಲ್ಲಿ ಕೇಳಿ ಪಡೆಯಬಹುದು. ರೋಗ ಮುಂದೆ ಮರಳಿದರೆ ಬಿಆರ್‌ಎಎಫ್, ಕಿಟ್ ಎಂಬ ಜೀನ್ ಪರೀಕ್ಷೆಗಳನ್ನು ಆ ಬ್ಲಾಕಿನಿಂದಲೇ ಮಾಡಬಹುದು. ಆಕ್ರಲ್ ಬಗೆಯಲ್ಲಿ ಮೊದಲನೆಯದರ ಬದಲಾವಣೆ ಕಡಿಮೆ, ಎರಡನೆಯದರದ್ದು ಬೇರೆ ಮೆಲನೋಮಾಗಳಿಗಿಂತ ಹೆಚ್ಚು, ಎರಡಕ್ಕೂ ಗುರಿಯಿಟ್ಟ ಮಾತ್ರೆಗಳಿವೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಗಡಿ ದಾಟಿದ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆಯೇ, ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ವಿಚಾರಿಸಿ.

ಮುಂದಿನ ಭೇಟಿಯಲ್ಲಿ ‘ಇನ್ನು ಎಷ್ಟು ವರ್ಷ’ ಎಂದು ಕೇಳಿದರೆ ಡಾಕ್ಟರು ಹಳೆಯ 87ನ್ನೇ ಮತ್ತೆ ಹೇಳಬಹುದು, ಫೈಲಿನಲ್ಲಿ ಇರುವುದು ಅದು. ಹೀಗೆ ಕೇಳಿ: ಆಕ್ರಲ್, 3.2 ಮಿ.ಮೀ., ಅಲ್ಸರೇಶನ್ ಇದ್ದು ನೋಡ್ ನೆಗೆಟಿವ್ ಆಗಿದ್ದ, ಮೂರು ವರ್ಷ ರೋಗ ಮರಳದೆ ಇರುವ ವ್ಯಕ್ತಿಗೆ ಮುಂದಿನ ಐದು ವರ್ಷದಲ್ಲಿ ಮರಳುವ ಸಾಧ್ಯತೆ ಎಷ್ಟು, ಮರಳಿದರೆ ಹೆಚ್ಚಾಗಿ ಎಲ್ಲಿ, ಅದನ್ನು ಬೇಗ ಹಿಡಿಯಲು ನಾವು ಏನು ನೋಡಬೇಕು. ತಂದೆಯವರನ್ನೂ ಜೊತೆಗೆ ಕೂರಿಸಿಕೊಂಡೇ ಕೇಳಿ. ಎರಡು ವರ್ಷದ ಲೆಕ್ಕ ಅವರ ಕಿವಿಗೂ ಬಿದ್ದಿರುತ್ತದೆ.